ರಾಗಿ ಕೊಡುವವರು, ಹುಲ್ಲು ಉಳಿಸುವವರು ಒಕ್ಕಣೆಗೆ ಮುಂಚೆ ನೋಡಿಕೊಳ್ಳಿ

ಗುಬ್ಬಿ, ತಿಪಟೂರು, ಕುಣಿಗಲ್ ಕಡೆಯ ರೈತರೇ, ಬೆಂಬಲ ಬೆಲೆಗೆ ರಾಗಿ ಕೊಡುವುದಾದರೆ ಮೊದಲು ಫ್ರೂಟ್ಸ್ ಐಡಿ (ಸರ್ಕಾರದ ರೈತರ ನೋಂದಣಿ ಸಂಖ್ಯೆ) ನೋಡಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಸರ್ವೆ ನಂಬರಿಗೆ ರಾಗಿ ಅಂತಲೇ ಇರಬೇಕು. ಬೇರೆ ಬೆಳೆ ದಾಖಲಾಗಿದ್ದರೆ ನೋಂದಣಿಗೆ ತೊಡಕು, ಸಮೀಕ್ಷೆಯ ವಿವರ ತೋರಿಸುವ ಬೆಳೆ ದರ್ಶಕ ಆ್ಯಪ್‌ನಲ್ಲಿ ಆಕ್ಷೇಪಣೆ ಹಾಕಿ.

ಖರೀದಿಗೆ ಕೊಡುವ ರಾಗಿಯ ತೇವಾಂಶದ ಮಿತಿ ಶೇ 12. ಡಾಂಬರು ರಸ್ತೆ ಮೇಲೆ ಒಕ್ಕಬೇಡಿ, ಕಲ್ಲು ಮಣ್ಣು ಸೇರುತ್ತದೆ, ಬೈಕಿನವರ ಜೀವಕ್ಕೂ ಅಪಾಯ. ಟಾರ್ಪಾಲಿನ ಮೇಲೆ ತೆಳ್ಳಗೆ ಹರವಿ, ಕೈಯಾಡಿಸುತ್ತಾ ಒಣಗಿಸಿ, ಇಬ್ಬನಿ ಬೀಳುವ ಮೊದಲೇ ಮುಚ್ಚಿ. ಬಿಸಿಲಿನಿಂದ ತೆಗೆದ ರಾಗಿ ಆರಿದ ಮೇಲೆಯೇ ಚೀಲಕ್ಕೆ. ಬಿಸಿಯಲ್ಲಿ ತುಂಬಿದರೆ ಒಳಗೇ ಬೆವರುತ್ತದೆ.

ಇನ್ನು ಹುಲ್ಲು. ಬೇಸಿಗೆಗೆ ಇದೇ ಆಧಾರ, ಬರಿದೇ ಮೆದೆ ಒಟ್ಟಬೇಡಿ, ಯೂರಿಯಾ ನೀರಿನಲ್ಲಿ ಹದಮಾಡಿ ಇಡಿ. 100 ಕೆಜಿ ಒಣ ಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು. ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ಚೆನ್ನಾಗಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹೊದಿಸಿ 21 ದಿನ ಬಿಡಿ. ಕರಗದ ಹರಳು ಒಂದೆಡೆ ನಿಂತರೆ ದನಕ್ಕೆ ವಿಷ. ಕರಗಿಸಿದ ನೀರಿನ ಬಕೆಟ್ಟನ್ನೂ ಕೊಟ್ಟಿಗೆ ಹತ್ತಿರ ಇಡಬೇಡಿ. ತೆಗೆದ ಹುಲ್ಲನ್ನು ಘಾಟು ಹೋಗುವವರೆಗೆ ಹರವಿ, ಸ್ವಲ್ಪ ಸ್ವಲ್ಪವೇ ಅಭ್ಯಾಸ ಮಾಡಿಸಿ. ಆರು ತಿಂಗಳೊಳಗಿನ ಕರುಗಳಿಗೆ ಬೇಡವೇ ಬೇಡ. ಜೊತೆಗೆ ಕೊಡಲು ಖನಿಜ ಮಿಶ್ರಣ ನಿಮ್ಮೂರ ಡೇರಿಯಲ್ಲಿ ಕೇಳಿ.