ಸ್ವಂತ ಲಿನಕ್ಸ್ ಮೊದಲ ಬೂಟ್‌ನಲ್ಲೇ ಪ್ಯಾನಿಕ್ ಆದರೆ

ಪುಣೆಯ ಗೆಳೆಯರೇ, ಸೋರ್ಸ್‌ನಿಂದ (ಮೂಲ ಕೋಡ್‌ನಿಂದ) ಲಿನಕ್ಸ್ ಕಟ್ಟುತ್ತಿರುವವರಿಗೆ ಒಂದು ಸಲಹೆ. ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್’ (ರೂಟ್ ಫೈಲ್‌ಸಿಸ್ಟಮ್ ತೆರೆಯಲಾಗಲಿಲ್ಲ) ಎಂದು ಲಿನಕ್ಸ್‌ನ ತಿರುಳಾದ ಕರ್ನಲ್ ಪ್ಯಾನಿಕ್ ಆಗಿ, ಅಂದರೆ ಮುಂದೆ ಸಾಗಲಾರದೆ, ನಿಂತುಬಿಟ್ಟರೆ ದಯವಿಟ್ಟು ಎಲ್ಲ ಅಳಿಸಿ ಮೊದಲಿನಿಂದ ಶುರು ಮಾಡಬೇಡಿ. ಆ ಸಾಲಿನ ಕೊನೆಯ ಎರಡು ಅಂಕಿ ನೋಡಿ.

0,0 ಇದ್ದರೆ ಕರ್ನಲ್‌ಗೆ ಡಿಸ್ಕೇ ಸಿಕ್ಕಿಲ್ಲ. ಕರ್ನಲ್‌ನ ಆಯ್ಕೆಪಟ್ಟಿಯಾದ ಮೆನುಕಾನ್ಫಿಗ್‌ನಲ್ಲಿ ನಿಮ್ಮ ಡಿಸ್ಕಿಗೆ ತಕ್ಕ ಎನ್‌ವಿಎಂಇ ಅಥವಾ ಎಎಚ್‌ಸಿಐ ಡ್ರೈವರ್‌ಗೆ ‘ಎಂ’ (ಬೇರೆ ಫೈಲಾಗಿ ಉಳಿಯುವ ಮಾಡ್ಯೂಲ್) ಅಲ್ಲ, ನಕ್ಷತ್ರ (ಕರ್ನಲ್‌ನೊಳಗೇ ಸೇರುವುದು) ಹಾಕಿ. ಇನಿಟ್‌ರಾಮ್‌ಎಫ್‌ಎಸ್ (ರೂಟ್ ಡಿಸ್ಕ್ ಸಿಗುವ ಮೊದಲು ಮೆಮೊರಿಯಲ್ಲಿ ತೆರೆಯುವ ಪುಟ್ಟ ಫೈಲ್‌ಸಿಸ್ಟಮ್) ಇಲ್ಲದಿದ್ದರೆ ಮಾಡ್ಯೂಲ್‌ಗಳು ಇರುವುದು ಅದೇ ರೂಟ್ ಡಿಸ್ಕಿನಲ್ಲಿ; ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದಂತೆ. 8,2 ಇದ್ದರೆ ಎಸ್‌ಡಿಎ2 (ಮೊದಲ ಡಿಸ್ಕಿನ ಎರಡನೇ ಪಾರ್ಟಿಷನ್, ಅಂದರೆ ಭಾಗ) ಸಿಕ್ಕಿದೆ, ಅದರ ಫೈಲ್‌ಸಿಸ್ಟಮ್ ಓದಲಾಗಿಲ್ಲ. ಆ ಫೈಲ್‌ಸಿಸ್ಟಮ್ ಇಎಕ್ಸ್‌ಟಿ4 ಆಗಿದ್ದರೆ ಅದಕ್ಕೂ ನಕ್ಷತ್ರ ಬೇಕು. ಪಾರ್ಟಿಷನ್ ಸಂಖ್ಯೆ ತಪ್ಪಿದೆಯೇ ಎಂದೂ ನೋಡಿ.

ಹಲವರು ಎಡವುವುದು ಕರ್ನಲ್ ಅನ್ನು ಶುರು ಮಾಡುವ ಬೂಟ್‌ಲೋಡರ್ ಗ್ರಬ್‌ನಲ್ಲಿ. ರೂಟ್ ಸಾಲಿನಲ್ಲಿ ಯುಯುಐಡಿ (ಫೈಲ್‌ಸಿಸ್ಟಮ್‌ನ ಗುರುತು ಸಂಖ್ಯೆ) ಕೊಟ್ಟರೆ ಇನಿಟ್‌ರಾಮ್‌ಎಫ್‌ಎಸ್ ಇಲ್ಲದ ಕರ್ನಲ್‌ಗೆ ಅದು ಅರ್ಥವಾಗದು. ಬದಲಿಗೆ ಬಿಎಲ್‌ಕೆಐಡಿ ಕಮಾಂಡ್ ತೋರಿಸುವ ಪಾರ್ಟ್‌ಯುಯುಐಡಿ (ಪಾರ್ಟಿಷನ್‌ನ ಗುರುತು ಸಂಖ್ಯೆ) ಬರೆಯಿರಿ. ಯುಎಸ್‌ಬಿ ಡಿಸ್ಕ್ ಆದರೆ ಜೊತೆಗೆ ‘ರೂಟ್‌ವೇಟ್’ (ಡಿಸ್ಕ್ ಸಿಗುವವರೆಗೆ ಕಾಯಿ ಎಂಬ ಸೂಚನೆ) ಸೇರಿಸಿ, ಅದು ಎದ್ದೇಳಲು ಕೆಲವು ಸೆಕೆಂಡ್ ಹಿಡಿಯುತ್ತದೆ.

ತಿದ್ದಿದ ಮೇಲೂ ಅದೇ ದೋಷವೇ? ಬಹುಶಃ ಹಳೆಯ ಕರ್ನಲ್ಲೇ ಓಡುತ್ತಿದೆ. ಸಿಎಚ್‌ರೂಟ್ (ಕಟ್ಟುತ್ತಿರುವ ಹೊಸ ಸಿಸ್ಟಮ್ ಅನ್ನೇ ರೂಟ್ ಎಂದು ಕಾಣುವ ಪರಿಸರ) ಒಳಗೆ ಬೂಟ್ ಪಾರ್ಟಿಷನ್ ಮೌಂಟ್ ಮಾಡದೆ ಬಿಝೆಡ್‌ಇಮೇಜ್ (ಕಂಪೈಲ್ ಆದ ಕರ್ನಲ್ ಫೈಲ್) ನಕಲಿಸಿದರೆ ಹೀಗಾಗುತ್ತದೆ. ಬೂಟ್ ಆಗುವಾಗ ಬರುವ ಮೊದಲ ಸಾಲಿನಲ್ಲಿ ಕಂಪೈಲ್ ಆದ ದಿನಾಂಕ, ಸಮಯ ಇರುತ್ತದೆ, ಹೋಲಿಸಿ.

ಮಳೆಗಾಲವಲ್ಲವೇ, ಜಿಸಿಸಿ ಎಂಬ ಕಂಪೈಲರ್ ಅನ್ನು ಕಂಪೈಲ್ ಮಾಡುವ ನಡುವೆ ಕರೆಂಟ್ ಹೋದರೆ ಆ ಫೋಲ್ಡರ್‌ನಲ್ಲೇ ಮುಂದುವರಿಸಬೇಡಿ. ಅರ್ಧ ಬರೆದ ಆಬ್ಜೆಕ್ಟ್ ಫೈಲ್ ಉಳಿದಿರಬಹುದು. ಫೋಲ್ಡರ್ ಅಳಿಸಿ, ಟಾರ್ (ಸೋರ್ಸ್‌ನ ಕಟ್ಟಿದ ಫೈಲ್) ಮತ್ತೆ ಬಿಚ್ಚಿ.