ಆಟದ ಅವಧಿಯ ಬಗ್ಗೆ ಪುಟ್ಟ ಮಕ್ಕಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವ ಬಗೆ

ಆರರಿಂದ ಒಂಬತ್ತು ವರ್ಷದ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು ‘ಆಟದ ಪೀರಿಯಡ್ ನಿಮಗೆ ಇಷ್ಟವೇ?’ ಎಂದು ಕೇಳಿದರೆ, ಬಹುತೇಕ ಎಲ್ಲರೂ ಒಕ್ಕೊರಲಿನಿಂದ ‘ಇಷ್ಟ’ ಎನ್ನುತ್ತಾರೆ. ಈ ಉತ್ತರದಿಂದ ಶಿಕ್ಷಕರಿಗೆ ಸಮಾಧಾನವಾದೀತೇ ಹೊರತು ಹೊಸದೇನೂ ತಿಳಿಯುವುದಿಲ್ಲ. ದೊಡ್ಡವರು ಕೇಳಿದ್ದಕ್ಕೆ ಹೌದೆನ್ನುವುದು ಎಳೆಯ ಮಕ್ಕಳ ರೂಢಿ. ಅದೂ ಅಲ್ಲದೆ, ಈ ವಯಸ್ಸಿನಲ್ಲಿ ಓಡುವುದನ್ನೂ ಕುಣಿಯುವುದನ್ನೂ ಸಾರಾಸಗಟಾಗಿ ಬೇಡವೆನ್ನುವ ಮಗು ಅಪರೂಪ. ಹಿಂಜರಿಯುವ ಮಗುವಿಗೆ ಸಾಮಾನ್ಯವಾಗಿ ಅಳುಕು ಹುಟ್ಟಿಸುವುದು ಆ ಅವಧಿಯೊಳಗಿನ ಯಾವುದೋ ಒಂದು ಗಳಿಗೆ. ಅದು ಯಾವುದೆಂದು ಪತ್ತೆಹಚ್ಚಿ ಅದನ್ನಷ್ಟೇ ಬದಲಾಯಿಸಿದರೆ ಉಳಿದದ್ದು ಬಹುಪಾಲು ತಾನಾಗಿಯೇ ಸರಿಹೋಗುತ್ತದೆ ಎಂಬುದು ಈ ಬರಹದ ನಿಲುವು.

ಕೇಳುವುದಕ್ಕಿಂತ ಮೊದಲು ಒಂದೆರಡು ವಾರ ಸುಮ್ಮನೆ ಗಮನಿಸಿ. ಮಕ್ಕಳು ಸಾಲಿನಲ್ಲಿ ನಿಂತು ಒಬ್ಬೊಬ್ಬರಾಗಿ ಚೆಂಡನ್ನು ಬುಟ್ಟಿಗೆ ಎಸೆಯುತ್ತಿರುವಾಗ, ಹಿಂದಿನವರಿಗೆ ‘ನೀನು ಮೊದಲು ಹೋಗು’ ಎಂದು ದಾರಿ ಬಿಟ್ಟುಕೊಡುತ್ತಾ, ಸಾಲು ಎಷ್ಟು ಕರಗಿದರೂ ತಾನು ಮಾತ್ರ ಕೊನೆಯಲ್ಲೇ ಉಳಿಯುವ ಒಂದು ಮಗು ಕಣ್ಣಿಗೆ ಬೀಳಬಹುದು. ನೋಡುವವರಿಗೆ ಅದು ಒಳ್ಳೆಯ ನಡವಳಿಕೆಯಂತೆ ಕಾಣುತ್ತದೆ, ಯಾರೂ ಗದರಿಸುವುದಿಲ್ಲ, ಅಷ್ಟರಲ್ಲಿ ಗಂಟೆ ಹೊಡೆದರೆ ಮಗು ಗೆದ್ದಂತೆಯೇ. ಶೂ ಲೇಸನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುವುದು, ತಂಡ ಮಾಡುವ ಹೊತ್ತಿಗೆ ಸರಿಯಾಗಿ ನೀರು ಕುಡಿಯಲು ಹೋಗುವುದು, ವಾರದ ಅದೇ ದಿನ ಹೊಟ್ಟೆನೋವೆನ್ನುವುದು ಕೂಡ ಇದೇ ಜಾತಿಯ ಉಪಾಯಗಳು. ಯಾರು ಹೀಗೆ ಮಾಡಿದರು ಎಂಬುದರ ಜೊತೆಗೆ, ಆಗ ಯಾವ ಚಟುವಟಿಕೆ ನಡೆಯುತ್ತಿತ್ತು ಎಂಬುದನ್ನೂ ತಪ್ಪದೆ ಬರೆದಿಟ್ಟುಕೊಳ್ಳಿ. ನಿಮಗೆ ಮುಖ್ಯವಾಗಿ ಬೇಕಾಗಿರುವುದು ಆ ಎರಡನೆಯ ವಿವರ.

ಅನಂತರ ಕೇಳುವ ಕೆಲಸ. ದೈಹಿಕ ಚಟುವಟಿಕೆಯ ಬಗೆಗಿನ ಮನೋಭಾವವನ್ನು ಅಳೆಯಲು ಸಂಶೋಧಕ ಜೆರಾಲ್ಡ್ ಕೆನ್ಯನ್ 1968ರಲ್ಲಿ ಒಂದು ಮಾಪನವನ್ನು ಪ್ರಕಟಿಸಿದರು. ಒಡನಾಟ, ಆರೋಗ್ಯ, ರೋಮಾಂಚನ, ಚಲನೆಯ ಸೊಬಗು, ಮನಸ್ಸಿನ ಒತ್ತಡದ ಬಿಡುಗಡೆ, ಕಠಿಣ ತರಬೇತಿ ಎಂಬ ಆರು ಆಯಾಮಗಳು ಅದರಲ್ಲಿದ್ದವು. 1974ರಲ್ಲಿ ಸೈಮನ್ ಮತ್ತು ಸ್ಮಾಲ್ ಅದನ್ನು ಮಕ್ಕಳಿಗಾಗಿ ಮಾರ್ಪಡಿಸಿದರು. ಆದರೆ ಓದಿ, ತೂಗಿ ನೋಡಿ ಗುರುತು ಹಾಕಬೇಕಾದ ಇಂತಹ ಪ್ರಶ್ನಾವಳಿಗಳು ಒಂದನೇ, ಎರಡನೇ ತರಗತಿಯ ಮಕ್ಕಳಿಗೆ ಹೇಳಿ ಮಾಡಿಸಿದವಲ್ಲ. ನಗುಮುಖ, ಅಳುಮುಖಗಳ ಸಾಲನ್ನು ಕೊಟ್ಟರೂ ಈ ವಯಸ್ಸಿನವರು ನಡುವಿನ ಮುಖಗಳನ್ನು ಬಿಟ್ಟು ಎರಡು ತುದಿಗಳಲ್ಲಿ ಒಂದನ್ನೇ ಹೆಚ್ಚಾಗಿ ಆರಿಸುತ್ತಾರೆ. ಇದಕ್ಕಿಂತ ಉಪಯುಕ್ತವಾದದ್ದು ಮಕ್ಕಳು ತಮ್ಮ ಸಾಮರ್ಥ್ಯವನ್ನು ಹೇಗೆ ಕಾಣುತ್ತಾರೆ ಎಂದು ಅಳೆಯಲು ಮನಃಶಾಸ್ತ್ರಜ್ಞೆ ಸೂಸನ್ ಹಾರ್ಟರ್ 1982ರ ತಮ್ಮ ಮಾಪನದಲ್ಲಿ ಬಳಸಿದ ತಂತ್ರ. ಅದರಲ್ಲಿ ಮಗುವಿನ ಮುಂದೆ ಎರಡು ಬಗೆಯ ಮಕ್ಕಳನ್ನು ಇಡಲಾಗುತ್ತದೆ. ‘ಕೆಲವು ಮಕ್ಕಳು ಚೆಂಡು ತಮ್ಮ ಕಡೆಗೆ ಬರಲಿ ಎಂದು ಕಾಯುತ್ತಾರೆ, ಇನ್ನು ಕೆಲವರು ಬಾರದಿದ್ದರೆ ಸಾಕು ಎಂದುಕೊಳ್ಳುತ್ತಾರೆ, ನೀನು ಯಾರ ಹಾಗೆ?’ ಎಂದು ಕೇಳಿದರೆ, ಎರಡನೆಯ ಉತ್ತರವನ್ನು ಕೊಡಲು ಮಗುವಿಗೆ ನಾಚಿಕೆಯಾಗುವುದಿಲ್ಲ, ಏಕೆಂದರೆ ಹಾಗೆ ಅಂದುಕೊಳ್ಳುವವರು ಬೇರೆಯವರೂ ಇದ್ದಾರೆ ಎಂದು ಪ್ರಶ್ನೆಯೇ ಒಪ್ಪಿಕೊಂಡಿರುತ್ತದೆ. ಇನ್ನೂ ಚಿಕ್ಕವರಿಗೆ ಇದನ್ನೇ ಎರಡು ಚಿತ್ರಗಳ ಮೂಲಕ ತೋರಿಸಬಹುದು.

ಚಿತ್ರ ಬರೆಸುವುದೂ ಒಳ್ಳೆಯ ದಾರಿ. ‘ಆಟದ ಪೀರಿಯಡ್‌ನಲ್ಲಿ ನೀನು’ ಎಂದಷ್ಟೇ ಹೇಳಿ ಹಾಳೆ, ಬಣ್ಣದ ಪೆನ್ಸಿಲ್ ಕೊಡಿ. ಮಗು ತನ್ನನ್ನು ಹಾಳೆಯ ಮೂಲೆಯಲ್ಲಿ ಚಿಕ್ಕದಾಗಿ ಬರೆದುಕೊಂಡರೆ ತಕ್ಷಣ ಅದಕ್ಕೆ ಅರ್ಥ ಹಚ್ಚಬೇಡಿ. ಜಾಗ ಸಾಲದೆ ಹಾಗಾಗಿರಲೂಬಹುದು. ಪಕ್ಕದಲ್ಲಿ ಕುಳಿತು ‘ಇಲ್ಲಿ ಏನು ನಡೆಯುತ್ತಿದೆ?’ ಎಂದು ಕೇಳಿ, ಮಗು ಆಡಿದ ಮಾತನ್ನು ಆಡಿದಂತೆಯೇ ಕೆಳಗೆ ಬರೆಯಿರಿ. ಇದನ್ನೆಲ್ಲ ದೈಹಿಕ ಶಿಕ್ಷಣದ ಶಿಕ್ಷಕರಿಗಿಂತ ತರಗತಿಯ ಶಿಕ್ಷಕರು ಮಾಡುವುದು ಮೇಲು, ಏಕೆಂದರೆ ಸೀಟಿ ಕೈಯಲ್ಲಿರುವವರ ಎದುರು ಸೀಟಿಯ ಮೇಲೆ ದೂರು ಹೇಳುವ ಧೈರ್ಯ ಏಳು ವರ್ಷದವರಿಗೆ ಇರುವುದಿಲ್ಲ. ಆಟದಲ್ಲಿ ಗೆದ್ದ ಅಥವಾ ಸೋತ ಕೂಡಲೇ ಕೇಳಬಾರದು.

ಹೀಗೆ ಸಿಕ್ಕ ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಸಾಮಾನ್ಯವಾಗಿ ಕೆಲವೇ ಸಂಗತಿಗಳು ಮತ್ತೆ ಮತ್ತೆ ಎದುರಾಗುತ್ತವೆ. ಎಲ್ಲರೂ ನೋಡುತ್ತಿರುವಾಗ ಒಬ್ಬರೇ ಮಾಡಿ ತೋರಿಸಬೇಕಾದದ್ದು ಅವುಗಳಲ್ಲಿ ಮೊದಲನೆಯದು. ಇದಕ್ಕೆ ಪರಿಹಾರ ಸರಳ: ಒಂದು ಉದ್ದ ಸಾಲಿನ ಬದಲು ಮೈದಾನದ ನಾಲ್ಕೈದು ಕಡೆ ಒಂದೇ ಚಟುವಟಿಕೆಯನ್ನು ಒಮ್ಮೆಗೇ ನಡೆಸಿದರೆ, ಕಾಯುವ ಹೊತ್ತೂ ಕಡಿಮೆಯಾಗುತ್ತದೆ, ನೋಡುವ ಕಣ್ಣುಗಳೂ ಕಡಿಮೆಯಾಗುತ್ತವೆ. ಎರಡನೆಯದು, ನಾಯಕರು ಒಬ್ಬೊಬ್ಬರನ್ನೇ ಕರೆದು ತಂಡ ಕಟ್ಟುವ ಪದ್ಧತಿ. ಕೊನೆಗೆ ಉಳಿದ ಮಗುವಿಗೆ ಆಟ ಶುರುವಾಗುವ ಮೊದಲೇ ಫಲಿತಾಂಶ ಗೊತ್ತಾಗಿರುತ್ತದೆ. ಈ ಪದ್ಧತಿಯನ್ನು ಸಮರ್ಥಿಸುವ ಒಂದೇ ಒಂದು ಕಾರಣವೂ ನನಗೆ ತೋಚುವುದಿಲ್ಲ, ಬಣ್ಣದ ಚೀಟಿ ಎತ್ತಿಸಿ ತಂಡ ಮಾಡಲು ಒಂದು ನಿಮಿಷ ಸಾಕು. ಚೆಂಡು ತಗುಲಿ ನೋವಾಗುವ ಭಯವಿದ್ದರೆ ಮೊದಲು ಬಲೂನು, ಆಮೇಲೆ ಸ್ಪಂಜಿನ ಚೆಂಡು, ಕೊನೆಗೆ ಗಟ್ಟಿ ಚೆಂಡು ಎಂಬ ಕ್ರಮವನ್ನು ಅನುಸರಿಸಿ. ಸೋತವರು ಹೊರಗೆ ಕೂರಬೇಕಾದ ಆಟಗಳಲ್ಲಿ, ಅಭ್ಯಾಸ ಹೆಚ್ಚು ಬೇಕಾದವರೇ ಎಲ್ಲರಿಗಿಂತ ಮೊದಲು ಹೊರಬೀಳುತ್ತಾರೆ. ದೈಹಿಕ ಶಿಕ್ಷಣ ತಜ್ಞ ನೀಲ್ ವಿಲಿಯಮ್ಸ್ 1992ರಲ್ಲಿ ಇಂತಹ ಆಟಗಳನ್ನು ಪಟ್ಟಿ ಮಾಡಿ ಟೀಕಿಸಿದಾಗ ಕುರ್ಚಿಯಾಟವೂ ಅದರಲ್ಲಿತ್ತು. ಕುರ್ಚಿ ತೆಗೆಯುತ್ತಾ ಹೋಗಿ, ಆದರೆ ಮಕ್ಕಳನ್ನು ಹೊರಗೆ ಕಳಿಸಬೇಡಿ; ಉಳಿದ ಕುರ್ಚಿಗಳಲ್ಲೇ ಎಲ್ಲರೂ ಹೇಗಾದರೂ ಒತ್ತಿಕೊಂಡು ಕೂರಬೇಕೆಂದರೆ ಆಟದ ರಂಗು ಹೆಚ್ಚುತ್ತದೆ. ಇನ್ನು ತಪ್ಪು ಮಾಡಿದವರಿಗೆ ಮೈದಾನ ಸುತ್ತುವ ಶಿಕ್ಷೆ ಕೊಡುವ ಶಾಲೆಯಲ್ಲಿ ಓಟವನ್ನು ಪ್ರೀತಿಸಲು ಕಲಿಸುವುದು ವ್ಯರ್ಥ ಪ್ರಯತ್ನ.

ವಯಸ್ಸಿನ ಲೆಕ್ಕವನ್ನೂ ಮರೆಯಬಾರದು. ಮನಃಶಾಸ್ತ್ರಜ್ಞ ಜಾನ್ ನಿಕಲ್ಸ್ ಅವರ ಅಧ್ಯಯನಗಳು ತೋರಿಸಿಕೊಟ್ಟಂತೆ, ಚಿಕ್ಕ ಮಕ್ಕಳು ಶ್ರಮವನ್ನೂ ಸಾಮರ್ಥ್ಯವನ್ನೂ ಬೇರೆ ಬೇರೆಯಾಗಿ ಕಾಣುವುದಿಲ್ಲ. ಹೆಚ್ಚು ಕಷ್ಟಪಟ್ಟವರೇ ಹೆಚ್ಚು ಜಾಣರು ಎಂದು ನಂಬುತ್ತಾರೆ. ಹನ್ನೊಂದು, ಹನ್ನೆರಡರ ಹೊತ್ತಿಗೆ ಆ ನಂಬಿಕೆ ಕರಗಿ, ‘ಎಷ್ಟು ಪ್ರಯತ್ನಿಸಿದರೂ ನನ್ನಿಂದಾಗದು’ ಎಂಬ ತೀರ್ಮಾನಕ್ಕೆ ಜಾಗವಾಗುತ್ತದೆ. ಆದ್ದರಿಂದ ಎಸೆತ, ಹಿಡಿತ, ಜಿಗಿತಗಳನ್ನು ತಾಳ್ಮೆಯಿಂದ ಕಲಿಸಲು ಶಾಲೆಯ ಮೊದಲ ಮೂರ್ನಾಲ್ಕು ವರ್ಷಗಳಿಗಿಂತ ಒಳ್ಳೆಯ ಕಾಲ ಸಿಗುವುದಿಲ್ಲ. ಹೊಗಳುವಾಗ ‘ಭೇಷ್’ ಎಂದು ಬಿಟ್ಟುಬಿಡದೆ, ‘ಈ ಸಲ ಕಣ್ಣು ಮುಚ್ಚದೆ ಚೆಂಡನ್ನೇ ನೋಡಿದೆ’ ಎಂದು ನಡೆದದ್ದನ್ನೇ ಹೇಳಿ.

ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಇದನ್ನು ಪೋಷಕರಿಗೆ ತಿಳಿಸಿ. ಮುಂದೆ ಹೃದಯಕ್ಕೆ ಒಳ್ಳೆಯದಾಗುತ್ತದೆ ಎಂಬ ಮಾತಿಗೆ ಏಳು ವರ್ಷದ ಮಗು ಮೈದಾನಕ್ಕೆ ಇಳಿಯುವುದಿಲ್ಲ.

ಬದಲಾವಣೆಗಳನ್ನು ಒಟ್ಟಿಗೆ ತಾರದೆ ಒಂದೊಂದಾಗಿ ತಂದು, ಕೆಲವು ವಾರಗಳ ಅನಂತರ ಅದೇ ಎರಡು ಚಿತ್ರಗಳನ್ನು ತೋರಿಸಿ ಅದೇ ಮಾತಿನಲ್ಲಿ ಮತ್ತೆ ಕೇಳಿ. ಉತ್ತರಗಳನ್ನು ಅಂಕಗಳಿಗಾಗಲಿ ವರದಿಗಾಗಲಿ ಬಳಸಬೇಡಿ. ಎಲ್ಲವನ್ನೂ ಸರಿಪಡಿಸಿದ ಮೇಲೂ ಒಂದು ಮಗು ಬೇಗ ಏದುಸಿರು ಬಿಡುತ್ತಿದ್ದರೆ, ಹತ್ತಿರ ಬಂದ ಚೆಂಡನ್ನೂ ತಡವಾಗಿ ಗಮನಿಸುತ್ತಿದ್ದರೆ, ಅಥವಾ ಸಮತಟ್ಟಾದ ನೆಲದಲ್ಲೂ ಪದೇ ಪದೇ ಎಡವುತ್ತಿದ್ದರೆ ಅದನ್ನು ಮನೋಭಾವವೆಂದು ಭಾವಿಸದೆ, ವೈದ್ಯರಿಗೆ ತೋರಿಸುವಂತೆ ಪೋಷಕರಿಗೆ ಹೇಳಿ.