ಬೇಸ್‌ಮೆಂಟಿನಲ್ಲಿ ಕರೆಂಟ್ ಹೋದರೆ ಮೇಲೆ ಗೊತ್ತಾಗಬೇಕು

ಮೂಡಿಗೆರೆಯ ನಮ್ಮ ಭಾವನ ಮನೆ ಧರೆ ಕಡಿದು ಕಟ್ಟಿದ್ದು. ಮಳೆಗಾಲ ಬಂತೆಂದರೆ ಬೇಸ್‌ಮೆಂಟಿನ ಗೋಡೆಬುಡದಲ್ಲಿ ಜಲ ಏಳುತ್ತದೆ. ಹೋದ ಆರಿದ್ರಾ ಮಳೆಯಲ್ಲಿ ಒಂದು ರಾತ್ರಿ ಮೇಲೆ ಟಿವಿ ಓಡುತ್ತಿತ್ತು, ಕೆಳಗೆ ಮೊಣಕಾಲುದ್ದ ನೀರು. ಕರೆಂಟ್ ಹೋದರೆ ಕೂಗುವ ಅಲಾರಂ ಇತ್ತು, ಆದರೆ ಹಾಲಿನ ಪ್ಲಗ್‌ನಲ್ಲಿ. ಟ್ರಿಪ್ ಆಗಿದ್ದು ಕೆಳಗಿನ ನೀರೆತ್ತುವ ಪಂಪಿನ ಲೈನು ಮಾತ್ರ. ಅಲಾರಂಗೆ ಹೇಗೆ ಗೊತ್ತಾಗಬೇಕು, ಪಾಪ!

ಮೊದಲು ಪ್ಲಗ್ಗು, ಸ್ವಿಚ್ಚುಗಳನ್ನು ಎದೆಮಟ್ಟಕ್ಕೆ ಏರಿಸಿ, ಐಪಿ65 (ಧೂಳು, ನೀರಿನ ಎರಚಲು ಒಳಹೋಗದ) ಡಬ್ಬಗಳಲ್ಲಿ ಕೂರಿಸಿ. ವೈರು ಡಬ್ಬದ ಕೆಳಗಿನಿಂದ ಒಳಹೋಗಲಿ. ಜಾಯಿಂಟಿಗೆ ಬರೀ ಟೇಪ್ ಸುತ್ತಿದರೆ ಥಂಡಿಗೆ ಅಂಟು ಬಿಡುತ್ತದೆ.

ಆಮೇಲೆ ಪಂಪಿಗೆ ಬೇರೆ ಲೈನು, ಅದಕ್ಕೆ ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ, ಶಾರ್ಟ್ ಆದರೆ ಬೀಳುವ ಸ್ವಿಚ್ಚು), ಒಂದು 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್ಚು), ಎರಡೂ ಮೇಲಿನ ಬೋರ್ಡಿನಲ್ಲೇ. 'ಎಂಸಿಬಿ ಇದೆಯಲ್ಲ, ಆರ್‌ಸಿಸಿಬಿ ಯಾಕೆ' ಅನ್ನಬೇಡಿ. ಜೀವ ತೆಗೆಯುವಷ್ಟು ಕರೆಂಟ್ ಮೈಯಲ್ಲಿ ಹರಿದರೂ 16 ಆಂಪಿನ ಎಂಸಿಬಿ ಅಲ್ಲಾಡುವುದಿಲ್ಲ. ಫೇಸಿನಲ್ಲಿ ಹೋದದ್ದೆಲ್ಲ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಆರ್‌ಸಿಸಿಬಿ ಲೆಕ್ಕ ಇಡುತ್ತದೆ. 30 ಮಿಲಿಆಂಪ್ ಕಡಿಮೆ ಬಿದ್ದರೆ 0.3 ಸೆಕೆಂಡಿನೊಳಗೆ ಕಟ್ ಮಾಡುತ್ತದೆ. ಹೆಚ್ಚಿನವರು ಕೆಡಿಸುವುದು ಇಲ್ಲೇ. ವೈರಿಂಗ್ ಹುಡುಗ ಪಂಪಿನ ನ್ಯೂಟ್ರಲನ್ನು ಮನೆಯ ಕಾಮನ್ ನ್ಯೂಟ್ರಲ್‌ಗೆ ಸೇರಿಸಿಬಿಡುತ್ತಾನೆ. ಪಂಪ್ ಹಾಕಿದ ಕೂಡಲೇ ಟ್ರಿಪ್. 'ಪೀಸೇ ಸರಿ ಇಲ್ಲ ಸಾರ್' ಅಂತ ಬೈಪಾಸ್ ಮಾಡಿ ಹೋಗುತ್ತಾನೆ. ಒಪ್ಪಬೇಡಿ. ಪಂಪಿನ ನ್ಯೂಟ್ರಲ್ ಆರ್‌ಸಿಸಿಬಿಯ ಔಟ್‌ಪುಟ್ಟಿಗೇ ಬರಬೇಕು. ತಿಂಗಳಿಗೊಮ್ಮೆ ಅದರ 'ಟಿ' ಗುಂಡಿ ಒತ್ತಿ ನೋಡಿ. ಅದು ಟ್ರಿಪ್ ಆಯಿತೆಂದ ಮಾತ್ರಕ್ಕೆ ಅರ್ಥಿಂಗ್ ಸರಿ ಇದೆ ಅಂತಲ್ಲ, ಅದನ್ನು ಬೇರೆಯಾಗಿಯೇ ಚೆಕ್ ಮಾಡಿಸಬೇಕು.

ಇನ್ನು ಅಲಾರಂ. 230 ವೋಲ್ಟಿನ ಒಂದು ರಿಲೇ (ಕಾಯಿಲಿಗೆ ಕರೆಂಟ್ ಬಂದಾಗ, ಹೋದಾಗ ತಾನೇ ಬದಲಾಗುವ ಸ್ವಿಚ್ಚು), 9 ವೋಲ್ಟಿನ ಬ್ಯಾಟರಿ, ಒಂದು ಬಜರ್ ಸಾಕು. ರಿಲೇ ಕಾಯಿಲಿಗೆ ಕನೆಕ್ಷನ್ ಕೊಡಬೇಕಾದ್ದು ಪಂಪಿನ ಎಂಸಿಬಿ, ಆರ್‌ಸಿಸಿಬಿ ಎರಡೂ ದಾಟಿದ ಮೇಲೆ, ಫ್ಲೋಟ್ ಸ್ವಿಚ್ಚಿಗೆ (ನೀರು ಏರಿದಾಗ ಪಂಪ್ ಆನ್ ಮಾಡುವ ತೇಲುವ ಸ್ವಿಚ್ಚು) ಮೊದಲು. ಫ್ಲೋಟ್ ದಾಟಿ ಕೊಟ್ಟರೆ ಪಂಪ್ ನಿಂತಾಗಲೆಲ್ಲ ಕೂಗಿ ತಲೆ ತಿನ್ನುತ್ತದೆ, ಎರಡೇ ದಿನಕ್ಕೆ ನೀವೇ ಬ್ಯಾಟರಿ ಕಿತ್ತಿಡುತ್ತೀರಿ. ಬ್ಯಾಟರಿ, ಬಜರ್ ರಿಲೇಯ ಎನ್‌ಸಿ (ಕಾಯಿಲಿಗೆ ಕರೆಂಟ್ ಇಲ್ಲದಾಗ ಕೂಡಿಕೊಳ್ಳುವ) ಪಾಯಿಂಟಿಗೆ. ಬಜರಿನ ಸಣ್ಣ ವೈರನ್ನು ಮೇನ್ ವೈರಿನ ಪೈಪಿನೊಳಗೆ ತೂರಿಸಬೇಡಿ. ಮುಗಿದ ಮೇಲೆ ಪಂಪಿನ ಎಂಸಿಬಿ ಆಫ್ ಮಾಡಿ, ಮಲಗುವ ಕೋಣೆಯ ಬಾಗಿಲು ಹಾಕಿಕೊಂಡು ಕೇಳಿಸುತ್ತಾ ನೋಡಿ.

ಕರೆಂಟ್ ಹೋದರೆ ಫೋನಿಗೆ ತಿಳಿಸುವ ವೈಫೈ ಪ್ಲಗ್ಗುಗಳ ಮೇಲೆ ನನಗೆ ನಂಬಿಕೆ ಇಲ್ಲ. ಕರೆಂಟ್ ಹೋದರೆ ರೂಟರೂ ಮಲಗುತ್ತದೆ, ಅಲ್ವಾ? ಊರಲ್ಲಿರದವರು ಒಳಗೆ ಬ್ಯಾಟರಿ ಇರುವ, ಸಿಮ್ ಹಾಕುವ ಅಲಾರಂ ತಗೊಳ್ಳಿ. ಸಿಮ್‌ಗೆ ರೀಚಾರ್ಜ್ ಮಾತ್ರ ಮರೆಯಬೇಡಿ.

ಬಜರ್ ಕೂಗಿತು ಅಂತ ಬರಿಗಾಲಲ್ಲಿ ಕೆಳಗೆ ಓಡಬೇಡಿ. ಮೊದಲು ಮೇಲಿನ ಮೇನ್ ಆಫ್. ಬೇಸ್‌ಮೆಂಟಿನ ಬಲ್ಬು ಇನ್ವರ್ಟರ್ ಲೈನಿನಲ್ಲಿದ್ದರೆ ಮೇನ್ ತೆಗೆದರೂ ಅದರಲ್ಲಿ ಕರೆಂಟ್ ಇರುತ್ತದೆ, ಆ ಲೈನನ್ನೂ ಕಟ್ ಮಾಡಿ. ಮೇನ್ ಬೋರ್ಡೇ ಕೆಳಗಿದ್ದು ಅಲ್ಲಿ ನೀರು ನಿಂತಿದ್ದರೆ ಇಳಿಯಲೇಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಕಂಬದಲ್ಲೇ ಲೈನ್ ತೆಗೆಸಿ.